ಹೊಸತು ಉಣ್ಣಲು ಅಪ್ಪಣೆ

ನಮ್ಮ ಪಪ್ಪನಿಗೆ ಬೈಬಲ್ ಬಗ್ಗೆ ಗೊತ್ತಿಲ್ಲದ ವಿಷಯವೇ ಇಲ್ಲ. ನಮ್ಮ ಮನೆಯ ತಲೆನೋವೂ ಅದೇ.

ಕಾಪುವಿನಲ್ಲಿ ಇಮ್ಯಾನುಯೆಲ್ ಮಾಸ್ಟ್ರು ಎಂದರೆ ಎಲ್ಲರಿಗೂ ಗೊತ್ತು. ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಹೊಸ ತೆನೆ ಮನೆಗೆ ತರುವ ಮೊಂತಿ ಹಬ್ಬದ ಹಿಂದಿನ ಭಾನುವಾರ ಚರ್ಚ್ ಹಾಲಿನಲ್ಲಿ ಅವರದ್ದೇ ಭಾಷಣ. ಬೈಬಲ್ ಆಕಾಶದಿಂದ ಬಿದ್ದ ಪುಸ್ತಕವಲ್ಲ, ಬಾಯಿಂದ ಬಾಯಿಗೆ ದಾಟಿ ಬಂದದ್ದನ್ನು ಶತಮಾನಗಳ ಕಾಲ ಬರೆದು, ತಿದ್ದಿ, ಒಟ್ಟು ಮಾಡಿದ್ದು ಎಂದರು. ಆಮೇಲೆ ಹೊಲದಲ್ಲಿ ತೆನೆ ಆಯ್ದು ಅತ್ತೆಯನ್ನು ಸಾಕಿದ ಪರದೇಶದ ಸೊಸೆಯ ಕಥೆಗೆ ಬಂದರು. ಬೇರೆ ಜನಾಂಗದ ಹೆಂಡತಿಯರನ್ನು ಓಡಿಸಿ ಎಂಬ ಕೂಗು ಎದ್ದಿದ್ದ ಕಾಲದಲ್ಲೇ ಯಾರೋ ಧೈರ್ಯ ಮಾಡಿ ಆ ಕಥೆಯನ್ನು ಬರೆದಿಟ್ಟರು ಎಂದು ಕೆಲವು ವಿದ್ವಾಂಸರ ಅಭಿಪ್ರಾಯವಂತೆ. "ಆ ಸೊಸೆಯೇ ದಾವೀದ ರಾಜನ ಮುತ್ತಜ್ಜಿ!" ಎಂದು ಪಪ್ಪ ಮೇಜು ಕುಟ್ಟಿದಾಗ ಹಾಲ್ ಇಡೀ ಚಪ್ಪಾಳೆ. ನಾನು ಮಾತ್ರ ಹಲ್ಲು ಕಚ್ಚಿ ಕುಳಿತಿದ್ದೆ.

ಯಾಕೆಂದರೆ, ನನ್ನ ತಮ್ಮ ಇವಾನ್ ಕಾರ್ಕಳದ ಅನ್ವಿತಾಳನ್ನು ರಿಜಿಸ್ಟರ್ ಮದುವೆಯಾದಂದಿನಿಂದ ಪಪ್ಪ ಆ ಹುಡುಗಿಯ ಜೊತೆ ಒಂದು ಮಾತೂ ಆಡಿಲ್ಲ. ಅವಳು ನಮ್ಮ ಧರ್ಮಕ್ಕೆ ಬರಲಿಲ್ಲ ಎಂಬ ಸಿಟ್ಟು.

"ಪಪ್ಪಾ, ಅಷ್ಟು ಚಂದ ಭಾಷಣ ಮಾಡಿದ್ರಿ. ಸೊಸೆ ಹತ್ರ ಮಾತಾಡ್ಲಿಕ್ಕೆ ಎಂತ ಕಷ್ಟ ನಿಮಗೆ?" ಎಂದು ದಾರಿಯಲ್ಲೇ ಕೇಳಿದೆ.

"ಕ್ಯಾರೆನ್, ಅದು ಬೇರೆ, ಇದು ಬೇರೆ."

ಏನು ಬೇರೆಯೋ! ಇವರಿಗಿಂತ ಗೋಡೆಗೆ ಹೇಳುವುದು ವಾಸಿ.

ಪರ್ಕಳದ ಬಾಡಿಗೆ ಮನೆಯಿಂದ ಇಬ್ಬರೂ ಹಬ್ಬಕ್ಕೆ ಬಂದದ್ದು ಮಮ್ಮಿಯ ಹಟದಿಂದ. ಈ ಸಲವೂ ಪಪ್ಪ ಬಾಯಿ ಬಿಡದಿದ್ದರೆ ಇನ್ನು ಅವಳನ್ನು ಈ ಮನೆಗೆ ಕರೆತರುವುದಿಲ್ಲ ಎಂದು ಇವಾನ್ ನನಗೆ ಫೋನಿನಲ್ಲಿ ಹೇಳಿಬಿಟ್ಟಿದ್ದ.

ಪ್ರಾರ್ಥನೆ ಮುಗಿಯಿತು. ಚರ್ಚಿನಿಂದ ತಂದ ಆಶೀರ್ವಾದದ ಹೊಸ ತೆನೆಯ ಕಾಳನ್ನು ಪಪ್ಪ ಪಾಯಸಕ್ಕೆ ಬೆರೆಸಿ ಎಲ್ಲರಿಗೂ ಹಂಚಿದರು. ಅನ್ವಿತಾಳ ಲೋಟವನ್ನು ಇವಾನನ ಕೈಗೆ ಕೊಟ್ಟರು. ಆಗಲೇ ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ ಸುಮ್ಮನೆ ಕುಡಿದಳು.

ಬಾಳೆಲೆಗೆ ಅದೇ ಹೊಸ ಕಾಳು ಬೆರೆಸಿದ ಅನ್ನ ಬಿತ್ತು. ಅನ್ವಿತಾ ಕೈ ಹಾಕಲಿಲ್ಲ. "ನಮ್ಮಲ್ಲಿಯೂ ಹೊಸ ಅಕ್ಕಿ ಊಟ ಉಂಟು. ಅನ್ನದ ಮೊದಲ ತುತ್ತಿಗೆ ಹಿರಿಯರ ಅಪ್ಪಣೆ ಕೇಳುವುದು ಕ್ರಮ. ಅವರು ಉಣ್ಣು ಅನ್ನದೆ ನಾವು ಉಣ್ಣುವ ಹಾಗಿಲ್ಲ," ಎಂದು ಮಮ್ಮಿಯ ಕಡೆ ತಿರುಗಿದಳು. "ಅತ್ತೆ, ಹೊಸತು ಉಣ್ತೇನೆ."

"ಉಣ್ಣು ಮಗಾ," ಎಂದರು ಮಮ್ಮಿ.

ನನ್ನನ್ನೂ ಕೇಳಿದಳು. ಉಣ್ಣು ಎಂದೆ. ಆಮೇಲೆ ಪಪ್ಪನ ಕಡೆ ತಿರುಗಿದಳು.

"ಮಾವ, ಹೊಸತು ಉಣ್ತೇನೆ."

ಪಪ್ಪ ಗಂಟಲು ಸರಿಮಾಡಿಕೊಂಡು ಇವಾನನನ್ನು ನೋಡಿದರು. "ಇದು ಬಹಳ ಹಳೆಯ ಆಚರಣೆ. ಇದರ ಮೂಲ ನೋಡಿದ್ರೆ, ನಮ್ಮವರು ಗೋವೆಯಿಂದ ಬರುವ ಮೊದಲೇ ಈ ಕರಾವಳಿಯಲ್ಲಿ..."

"ಮೂಲ ಬೇಡ ಮಾರಾಯ್ರೇ!" ನಾನು ಕಿರುಚಿಯೇ ಬಿಟ್ಟೆ. "ಅವಳ ಮುಖ ನೋಡಿ ಉಣ್ಣು ಅಂತ ಹೇಳಿ. ಒಂದು ಮಾತು!"

ಪಪ್ಪ ತಲೆ ತಗ್ಗಿಸಿ ತಮ್ಮ ಎಲೆಯನ್ನೇ ನೋಡುತ್ತ ಕುಳಿತರು. ಅನ್ವಿತಾ ಕಾದಳು. ಸಾಕಷ್ಟು ಹೊತ್ತು ಕಾದಳು, ಪಾಪ. ಕೊನೆಗೆ, ಬಡಿಸಿದ್ದು ಬಡಿಸಿದ ಹಾಗೆಯೇ ಇದ್ದ ಎಲೆಯನ್ನು ಮಡಚಿದಳು. ಇವಾನ್ ತನ್ನದನ್ನೂ ಮಡಚಿದ.

ಆಗ ಮಮ್ಮಿಯೂ ಎಲೆ ಮಡಚಿ ಎದ್ದರು. ಹಬ್ಬದ ದಿನ ಎಲೆಯಲ್ಲಿ ಒಂದು ಅಗುಳು ಬಿಟ್ಟರೂ ನಮಗೆ ಬೈಯುತ್ತಿದ್ದವರು.

"ರೋಸಿ, ನೀನು ಯಾಕೆ ಏಳ್ತೀಯಾ?" ಪಪ್ಪ ಗಾಬರಿಯಾದರು.

"ನಾನೂ ಈ ಮನೆಗೆ ಹೊರಗಿನಿಂದ ಬಂದ ಸೊಸೆಯೇ ಅಲ್ವಾ," ಎಂದರು ಮಮ್ಮಿ.