ಹಳೆಯ ಅಲೆಗಳು

ಶವಪೆಟ್ಟಿಗೆ ಗುಂಡಿಗೆ ಇಳಿಯುತ್ತಿದ್ದಂತೆ ಒಂದು ಬದಿಯ ಹಗ್ಗ ಜಾರಿತು. ಡ್ರಿಲ್ ಮೇಷ್ಟ್ರು ಹಿಡಿಯಲೆಂದು ಮುಂದಕ್ಕೆ ಬಾಗಿದರು. ಮಗಳು ತೋಳು ಹಿಡಿದು ಹಿಂದಕ್ಕೆಳೆದಳು. ಆಮೇಲೂ ಆ ತೋಳನ್ನು ಬಿಡಲಿಲ್ಲ.

ಒಳಗೆ ಮಲಗಿದ್ದ ಹೆಂಡತಿ ಅರ್ಧ ಆಯಸ್ಸನ್ನು ಒಂದು ದೂರದ ಗ್ರಹಕ್ಕೆ ಕೊಟ್ಟಿದ್ದಳು. ಅದನ್ನು ಸುತ್ತುವ ನೌಕೆಯಲ್ಲಿ ಅವಳು ಕಟ್ಟಿದ ಉಪಕರಣವಿತ್ತು. ಗ್ರಹದ ಕಾಂತಶಕ್ತಿ ಹಬ್ಬಿದ ವಲಯದಲ್ಲಿ, ಅಂದರೆ ಕಾಂತಗೋಳದಲ್ಲಿ, ಏಳುವ ವಿದ್ಯುತ್ಕಾಂತೀಯ ಅಲೆಗಳನ್ನು ಅದು ಹಿಡಿದು ಕಳಿಸುತ್ತಿತ್ತು. ಇಲ್ಲಿ ಅವನ್ನು ಸದ್ದಾಗಿಸಿ ಕೇಳುತ್ತಿದ್ದರು. ಅಲ್ಲಿನ ಪ್ಲಾಸ್ಮಾ, ಅಂದರೆ ವಿದ್ಯುತ್ ತುಂಬಿದ ಕಣಗಳ ರಾಶಿ, ದಟ್ಟವಾದಲ್ಲಿ ಸೀಟಿ ಏರುತ್ತಿತ್ತು, ತೆಳುವಾದಲ್ಲಿ ಇಳಿಯುತ್ತಿತ್ತು. ನೀವು ಸೀಟಿ ಊದಿ ಸಂಬಳ ತಗೋತೀರಿ, ನಾನು ಕೇಳಿ ತಗೋತೀನಿ ಎಂದು ಗಂಡನನ್ನು ರೇಗಿಸುತ್ತಿದ್ದಳು.

ಮಣ್ಣು ಮುಚ್ಚಿದ್ದಾಯಿತು. ಮಗಳು ಅಮ್ಮನ ಶಿಷ್ಯೆಯ ಕಡೆ ತಿರುಗಿದಳು.

"ಅಮ್ಮ ಕೊನೇಲಿ ಕಂಡುಹಿಡಿದದ್ದು ಯಾವಾಗ ಅಚ್ಚಾಗುತ್ತೆ?"

ಪ್ರಯೋಗಾಲಯದಲ್ಲಿ ಅಮ್ಮನ ಬಲಗೈಯಂತಿದ್ದ ಆ ಹೆಂಗಸು ನೆಲ ನೋಡುತ್ತ, "ನೋಡೋಣ," ಎಂದಳು.

*

ಹೆಂಡತಿ ಆಸ್ಪತ್ರೆ ಸೇರಿದ ಮೇಲೆ ನೌಕೆಯಲ್ಲಿ ವಿದ್ಯುತ್ ಸಾಲದೆ ಆ ಉಪಕರಣವನ್ನು ಆರಿಸಿಬಿಟ್ಟಿದ್ದರು. ಇವತ್ತು ಏನು ಬಂತು ಎಂದು ಅವಳು ದಿನಾ ಕೇಳುತ್ತಿದ್ದಳು. ನಿಜ ಹೇಳಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. ಶಿಷ್ಯೆಯ ಕೈ ಹಿಡಿದು ಅಂಗಲಾಚಿದರು. ಅವಳು ಒಲ್ಲದ ಮನಸ್ಸಿನಿಂದ ಹಳೆಯ ಅಲೆಗಳ ಸದ್ದು ತಂದುಕೊಟ್ಟಳು.

ಹೊಸದೆಂದು ಹೇಳಿ ಕೇಳಿಸಿ ಮೇಷ್ಟ್ರು ಹೆಂಡತಿಯ ಮುಖವನ್ನೇ ನೋಡುತ್ತ ಕುಳಿತರು. ಒಂದೊಂದು ಸೀಟಿಯ ಗುರುತೂ ಇರುವವಳು, ಹಿಡಿದೇ ಹಿಡಿಯುತ್ತಾಳೆ. ಹಿಡಿದು ಚೆನ್ನಾಗಿ ಬೈಯಲಿ ಎಂದೂ ಒಳಗೊಳಗೇ ಆಸೆಪಟ್ಟರು.

ಅವಳು ಕಣ್ಣರಳಿಸಿದಳು. "ಕೇಳಿ, ಇದ್ದಕ್ಕಿದ್ದ ಹಾಗೆ ಇಳೀತು. ಇಷ್ಟು ತೆಳುವಾದ ಜಾಗ ಇದುವರೆಗೆ ಯಾರಿಗೂ ಸಿಕ್ಕಿಲ್ಲ ಕಣ್ರೀ."

ಆ ಜಾಗವನ್ನು ಅವಳೇ ಕಂಡಿದ್ದಳು, ಮಗಳಿನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ. ಅವಳಿಗೆ ಹೆಸರು ತಂದದ್ದೇ ಅದು.

ಮೇಷ್ಟ್ರು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತರು. ಈಚೆ ಬಂದಾಗ ಅವಳು ಫೋನಿನಲ್ಲಿ ಮಗಳಿಗೆ ಅದನ್ನೇ ಹೇಳುತ್ತಿದ್ದಳು, ನಗುನಗುತ್ತ.

*

"ನೋಡೋಣ ಅಂದ್ರೇನು?" ಮಗಳ ದನಿ ಏರಿತು. "ಅಮ್ಮ ಕಣ್ಣು ಮುಚ್ಚಿದ್ದೇ ತಡ, ನಿಮ್ಮ ಹೆಸರಲ್ಲಿ ಹಾಕ್ಕೊಳ್ಳೋಣ ಅಂತಾನಾ?"

ಹೊರಟಿದ್ದವರೆಲ್ಲ ನಿಂತು ನೋಡಿದರು. ಶಿಷ್ಯೆಯ ಮುಖ ಕಪ್ಪಿಟ್ಟಿತು. ಒಂದು ಮಾತು ಆಡಿದ್ದರೆ ಪಾರಾಗಬಹುದಿತ್ತು. ಆಡಲಿಲ್ಲ, ಮೇಷ್ಟ್ರ ಕಡೆ ನೋಡಲೂ ಇಲ್ಲ.

"ಅವಳನ್ನ ಅನ್ನಬೇಡಮ್ಮ," ಎಂದರು ಮೇಷ್ಟ್ರು. "ಅದು ಹಳೇದು. ನಾನೇ ಹೊಸದು ಅಂತ ಸುಳ್ಳು ಹೇಳಿ ಕೇಳಿಸ್ದೆ. ನಿಮ್ಮಮ್ಮನಿಗೆ ಗೊತ್ತಾಗ್ಲೇ ಇಲ್ಲ."

ಮಗಳು ಅವರ ಕಡೆ ತಿರುಗಿದಳು.

"ಅಮ್ಮ ಫೋನಲ್ಲಿ ಅಷ್ಟು ಗೆಲುವಾಗಿ ಮಾತಾಡಿದ್ರು ಅಂತ ತಾನೇ ಅಪ್ಪ, ಮುಂದಿನ ವಾರ ಬಂದ್ರಾಯ್ತು ಅಂತ ನಾನು ಆಗ ಬರದೇ ಇದ್ದದ್ದು?"

 

ಅವಳು ಅಪ್ಪನ ತೋಳು ಬಿಟ್ಟಳು. ನೇರವಾಗಿ ಕಾರಿಗೆ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತು, ತನ್ನ ಚೀಲವನ್ನು ಪಕ್ಕದಲ್ಲಿಟ್ಟುಕೊಂಡಳು. ಮೇಷ್ಟ್ರು ನಿಧಾನವಾಗಿ ನಡೆದು ಬಂದು ಆ ಬದಿಯ ಬಾಗಿಲು ತೆರೆದು ನಿಂತರು. ಡ್ರೈವರ್ ಎಂಜಿನ್ ಚಾಲೂ ಮಾಡಿದ. ಅವಳು ಮುಂದಕ್ಕೇ ನೋಡುತ್ತಿದ್ದಳು. ಚೀಲ ಅಲ್ಲೇ ಇತ್ತು.