ನಲವತ್ತೈದು ನಿಮಿಷದ ಹಾರಾಟ

ನಮ್ಮ ದ್ವೀಪದಿಂದ ಎದುರು ದ್ವೀಪಕ್ಕೆ ಇನ್ನೂರ ಎಂಬತ್ತು ಕಿಲೋಮೀಟರು. ವಿಮಾನದಲ್ಲಿ ನಲವತ್ತೈದು ನಿಮಿಷ. ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಹತ್ತೊಂಬತ್ತು ವರ್ಷ ಇದನ್ನೇ ಹೇಳಿದ್ದೇನೆ. ಜೊತೆಗೆ, "ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿದೆ, ನೆನಪಿರಲಿ" ಎಂದೂ. ದಾರಿಹೋಕರಿಗೆಲ್ಲ ಹೇಳಿದ ಈ ಮಾತನ್ನು ಅಕ್ಕನಿಗೆ ಹೇಳಲು ಮರೆತೆ.

ಅಮ್ಮ ಆ ದ್ವೀಪದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ಒಂದು ಕಿವಿ ಎಂದೋ ಹೋಗಿತ್ತು. ಇನ್ನೊಂದರೊಳಗೆ ಗಡ್ಡೆ. ತೆಗೆದರೆ ಜೀವ ಉಳಿಯುತ್ತದೆ, ಕೇಳಿಸುವುದು ಉಳಿಯುವುದಿಲ್ಲ ಎಂದಿದ್ದರು ವೈದ್ಯರು. ಅಮ್ಮ ಬೇಡಿದ್ದು ಒಂದೇ: ಒಳಗೆ ಹೋಗುವ ಮುಂಚೆ ಅಕ್ಕನ ಬಾಯಿಂದ ಒಂದು ಪದ್ಯ. ಅಕ್ಕನಿಗೆ ಪದ್ಯ ಕಲಿಸಿದವಳೇ ಅಮ್ಮ. ದೀಪದ ಮುಂದೆ ಅಕ್ಕ ಹೇಳುವಾಗ ಕೇಳುತ್ತ ಬೆಳೆದವನು ನಾನು.

"ಮೂರಕ್ಕೆ ಆಪರೇಷನ್. ಬೆಳಗಿನ ವಿಮಾನಕ್ಕೇ ಹೋಗ್ತೀನಿ ಕಣೋ" ಎಂದಳು ಅಕ್ಕ, ಸೀರೆ ಮಡಿಸುತ್ತ.

"ಬೆಳಿಗ್ಗೆಯಿಂದ ಅಲ್ಲಿ ಕೂತು ಏನ್ ಮಾಡ್ತೀಯಕ್ಕಾ? ಒಂದೂವರೆಗೆ ಹತ್ತಿದ್ರೆ ಎರಡೂ ಕಾಲಿಗೆ ಇಳೀತೀಯ. ಆಸ್ಪತ್ರೆ ಪಕ್ಕದಲ್ಲೇ."

"ಖಂಡಿತಾನಾ?"

"ಮೀನಿಗೆ ಈಜು ಹೇಳ್ಕೊಡ್ತೀಯಾ?"

ಅವಳು ನಕ್ಕಳು. ಮಧ್ಯಾಹ್ನದ ವಿಮಾನಕ್ಕೇ ಹೊರಟಳು.

ಅವಳು ಇಳಿದಾಗ ಅಲ್ಲಿ ಮೂರೂ ಕಾಲು. ಅಮ್ಮನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಯಾಗಿತ್ತು.

ತಮ್ಮ ಫೋನು ಮಾಡಿದ. "ಏನಾಯ್ತಣ್ಣಾ? ಅಮ್ಮ ಕೊನೇವರೆಗೂ ಬಾಗಿಲನ್ನೇ ನೋಡ್ತಿದ್ಲು."

ಆಗ ಹೊಳೆಯಿತು. ಬಾಯಿ ಮಾತ್ರ ಬೇರೆಯೇ ಹೇಳಿತು: "ವಿಮಾನ ತಡ ಆಗಿರ್ಬೇಕು ಕಣೋ."

ಅದು ಒಂದು ನಿಮಿಷವೂ ತಡವಿರಲಿಲ್ಲ. ನಾನೇ ಕೈಬೀಸಿ ಕಳಿಸಿದ್ದೆ. ತಮ್ಮನ ಪಕ್ಕದಲ್ಲಿದ್ದ ಅಕ್ಕನ ದನಿ ಕೇಳಿಸಿತು: "ಹೂಂ, ತಡ ಆಯ್ತು." ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮೂರನೆಯ ದಿನ ನಾನೂ ಹೋದೆ. ತಲೆಗೆ ಪಟ್ಟಿ ಸುತ್ತಿಕೊಂಡು ಅಮ್ಮ ದಿಂಬಿಗೆ ಒರಗಿದ್ದಳು. ತನ್ನ ದನಿಯ ಅಳತೆ ತಪ್ಪಿ, ಇಡೀ ವಾರ್ಡಿಗೆ ಕೇಳುವಂತೆ, "ವಿಮಾನ ತಡ ಆಯ್ತಂತೆ ಮಗಾ. ಅದಾದ್ರೂ ಏನ್ ಮಾಡೀತು, ಪಾಪ" ಎಂದಳು.

ಅಕ್ಕ ನೆಲ ನೋಡಿದಳು. ಅಮ್ಮನ ಜೊತೆ ಮಾತಾಡಲೆಂದು ಇಟ್ಟಿದ್ದ ನೋಟ್‌ಬುಕ್ಕಿನಲ್ಲಿ ಬರೆದೆ: "ವಿಮಾನ ತಡವಾಗಲಿಲ್ಲ. ಅಲ್ಲಿಗೂ ಇಲ್ಲಿಗೂ ಇರುವ ಒಂದು ಗಂಟೆ ನಾನು ಮರೆತೆ. ಆಮೇಲೆ ಸುಳ್ಳು ಹೇಳಿದೆ." ಆಪರೇಷನ್ ಮುಗಿದ ಮೇಲೆ ಇದನ್ನು ಬರೆಯುವುದು ಎಷ್ಟು ಅಗ್ಗವೆಂದು ಬರೆಯುವಾಗಲೇ ತಿಳಿಯುತ್ತಿತ್ತು.

ಅಮ್ಮ ಎರಡು ಸಲ ಓದಿದಳು. "ಊರಿಗೆಲ್ಲ ಹೊತ್ತು ಹೇಳೋನು" ಎಂದಳು, ಈ ಸಲ ಮೆಲ್ಲಗೆ. ಆಮೇಲೆ ನನ್ನ ಮುಂಗೈ ಹಿಡಿದುಕೊಂಡು, ಅಕ್ಕನ ಕಡೆ ತಿರುಗಿ, "ಯಾವ್ದು ಹೇಳೋಣಾಂತಿದ್ದೆ? ಈಗ ಹೇಳು, ಬಾಯಿ ನೋಡ್ತೀನಿ."

ಅಕ್ಕ ತುಟಿಯಷ್ಟೇ ಆಡಿಸಬಹುದಿತ್ತು. ಇಲ್ಲ, ಬೆನ್ನು ನೆಟ್ಟಗೆ ಮಾಡಿ, ರಾಗ ತುಂಬಿ, ಒಂದಕ್ಷರ ಬಿಡದೆ ಹೇಳಿದಳು. ಬೇಡಿದವಳಿಗೆ ಏನೂ ಕೇಳಿಸಲಿಲ್ಲ. ನನಗೆ ಎಲ್ಲವೂ ಕೇಳಿಸಿತು. ಎದ್ದು ಹೊರಗೆ ಹೋಗಬೇಕೆನ್ನಿಸಿತು. ಅಮ್ಮ ನನ್ನ ಮುಂಗೈ ಬಿಟ್ಟಿರಲಿಲ್ಲ.