ಊಟದ ಮೇಜಿನ ಮೇಲೆ ಅವಳು

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಮಿಕ್ಕೆಲ್ಲ ನಡೆಯುತ್ತದೆ. ಮೊದಲು ನಾನು ಅದರ ಮೇಲೆ ಬಟ್ಟೆ ಕತ್ತರಿಸುತ್ತಿದ್ದೆ. ಕಿಟಕಿ ಪರದೆ ಹೊಲಿದುಕೊಡುವುದು ನನ್ನ ಕೆಲಸ. ನನ್ನ ಗಂಡ ಮಕ್ಕಳಾಟದ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಹಳೆಯ ಉಗಿ ಇಂಜಿನ್ನುಗಳ ಮಾದರಿಗಳನ್ನು ಅಳತೆಗೆ ಸರಿಯಾಗಿ ಕಟ್ಟಲು ಶುರುಮಾಡಿದ ಮೇಲೆ ಮೇಜು ರೈಲ್ವೆ ಆಸ್ತಿಯಾಯಿತು. ನಾನು ನೆಲಕ್ಕಿಳಿದೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಹೋಟೆಲೊಂದರ ಪರದೆಗಳೆಲ್ಲ ಆ ವಾರವೇ ಮುಗಿಯಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು.

"ರೀ, ಒಂದು ವಾರ ಮೇಜು ಬಿಟ್ಟುಕೊಡಿ" ಎಂದರೆ, "ಬಾಯ್ಲರ್ ಕೂರಿಸ್ತಿದ್ದೀನಿ, ಉಸಿರಾಡಬೇಡ" ಎನ್ನುತ್ತಿದ್ದರು.

ಅವತ್ತು ಅಡುಗೆಮನೆಯಲ್ಲಿದ್ದೆ. ಹಜಾರದಲ್ಲಿ ಅವರು ಗೆಳೆಯನೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು.

"ಅವಳ ಸೊಂಟ ಬಗ್ತಾನೇ ಇಲ್ಲ ಕಣೋ. ತಿರುಗೋವಾಗ ಕುಂಯ್ ಅಂತಾಳೆ, ಪಾಪ. ನಂದೇ ತಪ್ಪು, ಭಾರ ಜಾಸ್ತಿ ಹೊರಿಸಿಬಿಟ್ಟೆ."

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇಷ್ಟು ವರ್ಷಕ್ಕೆ ಕಣ್ಣು ಬಿಟ್ಟರಲ್ಲ!

"ಅವಳಿಗೆ ಸ್ವಲ್ಪ ವಿಶ್ರಾಂತಿ ಬೇಕು. ನಾಳೆ ನಾನೇ ಕೂತು ನಿಧಾನಕ್ಕೆ ಎಣ್ಣೆ ಹಚ್ತೀನಿ."

ನನ್ನ ಕೆನ್ನೆ ಬಿಸಿಯಾಯಿತು. ಈರುಳ್ಳಿ ಹೆಚ್ಚುತ್ತಿದ್ದ ಅತ್ತೆಯ ಕಣ್ಣಲ್ಲೂ ನೀರು. "ಕೊನೆಗೂ ನನ್ನ ಮಗನಿಗೆ ಬುದ್ಧಿ ಬಂತು ಕಣೇ" ಎಂದರು.

ಕೂದಲು ಸರಿಮಾಡಿಕೊಂಡು, ಬೇಕೆಂದೇ ತುಸು ಕುಂಟುತ್ತಾ ಹಜಾರಕ್ಕೆ ಹೋದೆ.

"ನಡುವಿನ ಜೋಡಿ ಚಕ್ರದ ಅಂಚು ತೆಗೆದುಬಿಟ್ರೆ ಸೊಂಟ ಸಡಿಲ ಆಗುತ್ತಲ್ವಾ?" ಎಂದು ಫೋನಿಗೆ ಹೇಳಿದವರು ಸರಿಯೆಂಬಂತೆ ನನ್ನತ್ತ ಕೈಬೀಸಿದರು. "ಲೇ, ಬೆಳಕಿಗೆ ಅಡ್ಡ ನಿಂತಿದ್ದೀಯ."

ಅವಳು ಎಂದರೆ ಇಂಜಿನ್ನು! ಹೀಗೆ ಇಂಜಿನ್ನು ಕಟ್ಟುವವರದೇ ಒಂದು ಸಂಘವಿದೆ; ಅಲ್ಲಿ ಇಂಜಿನ್ನನ್ನು 'ಅದು' ಎನ್ನುವುದು ಅಪಚಾರವಂತೆ. ಹೆಂಡತಿಯನ್ನು 'ಲೇ' ಎನ್ನಲು ಅಡ್ಡಿಯಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಹೊಟ್ಟೆಕಿಚ್ಚುಪಡುವ ಗತಿ ಬಂತಲ್ಲ ಎಂದು ಅಳುವೂ ನಗುವೂ ಒಟ್ಟಿಗೇ ನುಗ್ಗಿದವು.

ಅತ್ತೆ ಚಾಕು ಹಿಡಿದೇ ಹೊರಬಂದರು. "ಯಾರ ಸೊಂಟಾನೋ?"

"ಇವಳದಮ್ಮ" ಎಂದು ಇಂಜಿನ್ನಿನ ಬೆನ್ನು ಸವರಿದರು.

"ವಿಶ್ರಾಂತಿ ಬೇಕು ಅಂದ್ಯಲ್ಲ?"

"ಹೂಂ, ಪಾಪ."

ನಾನು ಅವಳನ್ನು ಎರಡೂ ಕೈಯಲ್ಲಿ ಎತ್ತಿ, ಕೋಣೆಗೆ ಒಯ್ದು, ಮಂಚದಲ್ಲಿ ಗಂಡನ ಜಾಗದಲ್ಲೇ ಮಲಗಿಸಿ ಅವರದೇ ಹೊದಿಕೆ ಹೊದಿಸಿದೆ.

"ಏಯ್, ಏಯ್! ಹೊಗೆಕೊಳವೆ ಕಳಚಿಕೊಳ್ಳುತ್ತೆ!"

"ಮೆತ್ತಗೆ ಮಾತಾಡಿ. ಎಚ್ಚರ ಆದಾಳು."

"ಕಾಲಿನ ಹತ್ರ ಸರಿಯಾಗಿ ಹೊದಿಸಿದ್ಯೇನೇ? ಚಕ್ರಕ್ಕೆ ಶೀತ ಆದೀತು" ಎಂದರು ಅತ್ತೆ.

ಚೆಲ್ಲಾಡಿದ್ದ ಇಟ್ಟಿಗೆಗಳನ್ನು ಬುಟ್ಟಿಗೆ ಬಾಚಿ ಮೇಜಿನ ಮೇಲೆ ಬಟ್ಟೆ ಹರವಿದೆ. ನೆಟ್ಟಗೆ ನಿಂತು ಕತ್ತರಿಸುವ ಸುಖ ಮರೆತೇಹೋಗಿತ್ತು. ಕತ್ತರಿ ಎಲ್ಲೂ ಹಳಿ ತಪ್ಪದೆ ಓಡಿತು.

ಅವರು ಕೋಣೆಯ ಬಾಗಿಲಿಗೂ ಮೇಜಿಗೂ ನಾಲ್ಕಾರು ಸಲ ಓಡಾಡಿದರು. "ಮತ್ತೆ ನಾನೆಲ್ಲಿ ಮಲಗೋದು?"

"ಅಂಚು ಕತ್ತರಿಸ್ತಿದ್ದೀನಿ" ಎಂದೆ. "ಉಸಿರಾಡಬೇಡಿ."